ಕುದುರೆಯವನ ಅರ್ಜಿ

ಗೆರೆ ಎಳೆದದ್ದು ತನ್ನ ಕೈಯೇ ಎಂದು ಅವನಿಗೆ ಗೊತ್ತಾದದ್ದು ಎಳೆದು ಮುಗಿದ ಮೇಲೆ. ನೂರಾ ಇಪ್ಪತ್ತು ವರ್ಷದ ಹಳೆಯ ಕಾಗದ. ಅದರ ಕೊನೆಯ ವಾಕ್ಯದ ಮೇಲೆ ಉದ್ದಕ್ಕೂ ಪೆನ್ಸಿಲಿನ ತೆಳುವಾದ ಗೆರೆ, ಗೆರೆಯ ತುದಿಯಿಂದ ಅಂಚಿನವರೆಗೆ ಹೋಗಿ ಸುತ್ತಿಕೊಂಡ ಬಾಲ. ಪ್ರೂಫ್ ನೋಡುವವರ ಲೋಕದಲ್ಲಿ ಅದಕ್ಕೆ ಒಂದೇ ಅರ್ಥ: ಇದನ್ನು ತೆಗೆದುಹಾಕು. ಮೂವತ್ತು ವರ್ಷ ಒಂದೇ ಅಚ್ಚುಕೂಟದ ಒಂದೇ ಕಿಟಕಿಯ ಕೆಳಗೆ ಕೂತು ಪ್ರೂಫ್ ನೋಡಿದ ಕೈಗೆ ತಲೆಯ ಅಪ್ಪಣೆ ಬೇಕಿರಲಿಲ್ಲ. ಬೇರೆಯವರು ಯೋಚನೆಗೆ ಬಿದ್ದಾಗ ಉಗುರು ಕಚ್ಚುತ್ತಾರೆ, ಕಾಲು ಅಲ್ಲಾಡಿಸುತ್ತಾರೆ, ಅವನು ತಿದ್ದುತ್ತಾನೆ. ಬಸ್ಸಿನ ಟಿಕೆಟ್ಟು, ಔಷಧಿಯ ಡಬ್ಬಿ, ದಾರಿಯಲ್ಲಿ ಯಾರೋ ಕೈಗಿಟ್ಟ ಕರಪತ್ರ, ಯಾವುದಾದರೂ ಸರಿ. ಒಮ್ಮೆ ಮಗಳ ಪ್ರಗತಿಪತ್ರದಲ್ಲಿ ಹೆಡ್ ಮೇಷ್ಟ್ರು ಬರೆದ ಷರಾವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಸಹಿ ಹಾಕಿ ಕಳಿಸಿಬಿಟ್ಟಿದ್ದ. ಮಗಳು ಒಂದು ವಾರ ಮಾತು ಬಿಟ್ಟಿದ್ದಳು. ಹೆಂಡತಿ ಮನೆಯ ಪೆನ್ನುಗಳನ್ನೆಲ್ಲ ಎತ್ತಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟಿದ್ದಳು. ಅದನ್ನು ಹೇಳಿಕೊಂಡು ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಈಗ ನಗು ಬರಲಿಲ್ಲ.

ತಲೆ ಎತ್ತಿ ನೋಡಿದ. ಪತ್ರಾಗಾರದ ಓದುವ ಕೋಣೆಯಲ್ಲಿ ಹನ್ನೆರಡು ಮೇಜುಗಳು, ಇವತ್ತು ಐದರಲ್ಲಿ ಜನ. ಯಾರೂ ಇತ್ತ ನೋಡುತ್ತಿರಲಿಲ್ಲ. ಎದುರಿನ ಎತ್ತರದ ಕಟ್ಟೆಯ ಹಿಂದೆ ಕಡತ ಕೊಡುವವನು ಕೂತಿದ್ದ. ಅವನ ಕಣ್ಣು ಮಾತ್ರ ಯಾವಾಗಲೂ ಎಲ್ಲರ ಕೈಗಳ ಮೇಲೆ. ಮೊದಲ ದಿನವೇ ಅವನಿಂದ ಒಂದು ಸಲ ಹೇಳಿಸಿಕೊಂಡಾಗಿತ್ತು. ಹಾಳೆ ತಿರುಗಿಸುವ ಮೊದಲು ಬೆರಳನ್ನು ನಾಲಿಗೆಗೆ ಮುಟ್ಟಿಸುವುದು ಪ್ರೂಫ್ ನೋಡುವವನ ಚಟ. "ಬಾಯಿಗೆ ಬೆರಳು ಇಡಬೇಡಿ ಸರ್," ಎಂದಿದ್ದ ಕಡತದವನು, ಅಷ್ಟು ದೂರದಿಂದ, ಹನ್ನೆರಡು ಮೇಜಿಗೂ ಕೇಳುವ ಹಾಗೆ. ಐವತ್ತಮೂರು ವರ್ಷದ ಮನುಷ್ಯ ಚಿಕ್ಕ ಮಗುವಿನ ಹಾಗೆ ಬೆರಳನ್ನು ಅಂಗಿಗೆ ಒರೆಸಿಕೊಂಡಿದ್ದ. ಪೆನ್ನು ಒಳಗೆ ತರುವಂತಿಲ್ಲ, ಮಸಿ ಕಾಗದಕ್ಕೆ ಅಪಾಯ ಎಂದು ಬಾಗಿಲಲ್ಲೇ ಇಸಿದುಕೊಂಡು ಪೆನ್ಸಿಲ್ ಕೊಡುತ್ತಿದ್ದರು. ರಬ್ಬರೂ ತರುವಂತಿಲ್ಲ. ಹಾಗಾಗಿ ಎಳೆದ ಗೆರೆ ಎಳೆದಲ್ಲೇ ಇತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡೋಣವೇ ಎಂದು ಕೈ ಮುಂದೆ ಚಾಚಿದ. ಕಡತದವನ ಕತ್ತು ಸ್ವಲ್ಪ ಮೇಲಕ್ಕೆ ಬಂತು. ಕೈ ಹಿಂದಕ್ಕೆ ತೆಗೆದುಕೊಂಡು, ಏನೂ ಆಗದವನ ಹಾಗೆ ಕನ್ನಡಕ ಸರಿಮಾಡಿಕೊಂಡ.

ಇಷ್ಟಕ್ಕೂ ಅವನು ಇಲ್ಲಿಗೆ ಬಂದದ್ದು ಒಂದು ಕಪಾಳಮೋಕ್ಷವನ್ನು ಹುಡುಕಿಕೊಂಡು. ಪರದೇಶದ ದೊರೆಗಳು ನಾಡನ್ನು ಆಳುತ್ತಿದ್ದ ಕಾಲದಲ್ಲಿ ಅವನ ಮುತ್ತಾತ ಒಬ್ಬ ದೊರೆಯ ಬಂಗಲೆಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದನಂತೆ, ಒಂದು ದಿನ ಆ ದೊರೆಯ ಕೆನ್ನೆಗೆ ಫಟಾರನೆ ಬಾರಿಸಿ ಕೆಲಸ ಬಿಟ್ಟು ಬಂದನಂತೆ. ಮನೆತನಕ್ಕೆ ಇದ್ದ ಆಸ್ತಿ ಅದೊಂದೇ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ನಾಲ್ಕು ಜನ ದೊಡ್ಡಪ್ಪ ಚಿಕ್ಕಪ್ಪಂದಿರು ಸೇರಿದರೆ ಒಬ್ಬನಾದರೂ ಎದ್ದು ನಿಂತು ಬಲಗೈ ಬೀಸಿ ತೋರಿಸಲೇಬೇಕು. ಕೆಲವರು ಒಂದೇ ಏಟು ಅನ್ನುತ್ತಿದ್ದರು, ಕೆಲವರು ಎರಡೂ ಕೆನ್ನೆಗೆ ಅನ್ನುತ್ತಿದ್ದರು. ಕೊನೆಯ ಚಿಕ್ಕಪ್ಪ ಹೇಳುವಾಗಲಂತೂ ದೊರೆ ಬಂಗಲೆಯ ಮೆಟ್ಟಿಲು ಉರುಳಿ ತುಳಸಿ ಗಿಡದ ಬುಡಕ್ಕೆ ಬೀಳುತ್ತಿದ್ದ, ದೊರೆಯ ಬಂಗಲೆಯಲ್ಲಿ ತುಳಸಿ ಯಾಕಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಮುತ್ತಾತನ ಮೊದಲನೆಯ ಹೆಂಡತಿಯ ಮಾತು ಬಂದರೆ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಎರಡು ವರ್ಷದ ಕೂಸನ್ನು ಬಿಟ್ಟು ಓಡಿಹೋದವಳು. ಆ ಕೂಸಿನ ವಂಶವೇ ಇವರೆಲ್ಲ, ಆದರೂ ಅವಳಿಗೆ ಹೆಸರೂ ಉಳಿದಿರಲಿಲ್ಲ. ಓಡಿಹೋದವಳು ಎಂದರೆ ಅವಳೇ. ಅವನ ಅಕ್ಕ ಹುಡುಗಿಯಾಗಿದ್ದಾಗ ಎದುರುತ್ತರ ಕೊಟ್ಟರೆ ಅಜ್ಜಿ ಹೇಳುತ್ತಿದ್ದಳು, "ಆ ಓಡಿಹೋದೋಳ ಮೂಗೇ ನಿಂದು." ಆ ಮೂಗನ್ನು ನೋಡಿದವರು ಒಬ್ಬರೂ ಬದುಕಿರಲಿಲ್ಲ.

ಎರಡು ತೆಳ್ಳನೆಯ ಕಥಾಸಂಕಲನ ಬರೆದು, ಎರಡನ್ನೂ ತಾನೇ ತಿದ್ದಿ, ಎರಡರಲ್ಲೂ ತಪ್ಪಿಲ್ಲ ಎಂಬ ಒಂದೇ ಹೊಗಳಿಕೆ ಪಡೆದವನು ಅವನು. ಐವತ್ತು ದಾಟಿದ ಮೇಲೆ ಒಂದು ದೊಡ್ಡ ಕಾದಂಬರಿ ಬರೆಯಬೇಕೆಂಬ ಹುಚ್ಚು ಹತ್ತಿತು. ಬರಹಗಾರರಿಗೆ ಆರು ವಾರ ಇರಲು ಕೋಣೆ ಕೊಡುವ ಸಂಸ್ಥೆಯೊಂದು, ಆ ದೊರೆಗಳ ದೇಶದಲ್ಲೇ, ಇದೆಯೆಂದು ತಿಳಿದು ಬರೆದುಕೊಂಡ. ಬಲಗೈ ಬೀಸಿದ ಮುತ್ತಾತನನ್ನು ಒಂದು ಪುಟದಲ್ಲಿ ಎಷ್ಟು ಚೆನ್ನಾಗಿ ನಿಲ್ಲಿಸಿದ್ದನೆಂದರೆ ಅವರು ಕೂಡಲೇ ಕರೆಸಿಕೊಂಡರು. ಎರಡು ವಾರ ಹುಡುಕಿದ. ಬಂಗಲೆಗಳ ಪಟ್ಟಿ ಸಿಕ್ಕಿತು, ಮಳೆಯ ಅಳತೆ ಸಿಕ್ಕಿತು, ದೊರೆಸಾನಿಯೊಬ್ಬಳು ಹಲ್ಲುನೋವಿನ ಬಗ್ಗೆ ಬರೆದ ಹದಿನೇಳು ಪತ್ರ ಸಿಕ್ಕಿತು. ಕೆನ್ನೆ ಸಿಗಲಿಲ್ಲ. ಕೊನೆಗೆ ಅದನ್ನು ಹುಡುಕಿಕೊಟ್ಟವಳು ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹುಡುಗಿ, ದಿನವೂ ಒಂದೇ ಹಸಿರು ಸ್ವೆಟರ್ ಹಾಕಿಕೊಂಡು ಬರುತ್ತಿದ್ದವಳು. ಆ ಕಾಲದ ಸೇನೆಯ ಕುದುರೆಗಳಿಗೆ ಬರುತ್ತಿದ್ದ ಕಾಲುರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳಂತೆ. "ನಿಮ್ಮ ಭಾಷೆಯ ಕಾಗದ ಒಂದಿದೆ ಇದರಲ್ಲಿ," ಎಂದು ಹೋದ ವಾರ ತಾನಾಗಿಯೇ ಬಂದು ಕಡತದ ಸಂಖ್ಯೆ ಬರೆದುಕೊಟ್ಟಳು. "ನನಗೆ ಓದೋಕೆ ಬರಲ್ಲ. ಕೆಳಗೆ ಹೆಬ್ಬೆಟ್ಟಿದೆ. ಮೇಲುಹೊದಿಕೆ ಮೇಲೆ 'ಕುದುರೆಯವನ ಅರ್ಜಿ' ಅಂತ ನಮ್ಮ ಭಾಷೇಲಿ ಬರೆದಿದ್ದಾರೆ, ಅಷ್ಟೇ." ಅವನು ಅವಳ ಎರಡೂ ಕೈ ಹಿಡಿದುಕೊಂಡು ಕೃತಜ್ಞತೆ ಹೇಳಿದ್ದ, ಅವಳಿಗೆ ಮುಜುಗರವಾಗುವಷ್ಟು.

ಕಡತ ಇವತ್ತು ಬೆಳಿಗ್ಗೆ ಕೈಗೆ ಬಂತು. ಮೇಲೆ ದೊರೆಯ ಕೈಬರಹದ ಚೂರು ಟಿಪ್ಪಣಿ: ಕಂದು ಕುದುರೆ ಕುಂಟಿದ್ದಕ್ಕೆ ಕುದುರೆಯವನಿಗೆ ಚಾವಟಿಯಲ್ಲಿ ಹೊಡೆಯುತ್ತಿದ್ದಾಗ ಅವನ ಹೆಂಡತಿ ನಡುವೆ ಬಂದು ನನ್ನ ಮುಖಕ್ಕೆ ಕೈಮಾಡಿದಳು. ಕುದುರೆಯವನು ಅತ್ತ. ಇಷ್ಟೇ. ಅವನು ಅದನ್ನು ನಾಲ್ಕು ಸಲ ಓದಿದ. ದೊಡ್ಡಪ್ಪಂದಿರ ಬೀಸಿದ ಕೈಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಅದರಡಿಯಲ್ಲಿ ಅರ್ಜಿ, ತನ್ನದೇ ಭಾಷೆಯಲ್ಲಿ, ಯಾರೋ ಅರ್ಜಿ ಬರೆಯುವವನ ದುಂಡನೆಯ ಅಕ್ಷರದಲ್ಲಿ. "ತಮ್ಮ ಮೇಲೆ ಕೈಮಾಡಿದವಳು ನನ್ನ ಹೆಂಡತಿ, ನಾನಲ್ಲ. ನಾನು ಕೈಕಟ್ಟಿ ನಿಂತಿದ್ದೆ. ಕಂದು ಕುದುರೆಯ ಕಾಲು ನನ್ನಿಂದ ಕೆಟ್ಟದ್ದಲ್ಲ, ಲಾಳದ ಮೊಳೆಯಿಂದ ಕೆಟ್ಟದ್ದು. ನಾನು ಬಾರದೆ ಅದು ಮೇವು ಮುಟ್ಟುತ್ತಿಲ್ಲವೆಂದು ಕೇಳಿದೆ. ಬೇರೆಯವರಿಗೆ ಅದು ಹಿಂದಿನ ಕಾಲು ಕೊಡುವುದಿಲ್ಲ. ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು." ಆಮೇಲೆ ಆ ಕೊನೆಯ ವಾಕ್ಯ: "ಸ್ವಾಮಿಯವರ ಶ್ರೀಮುಖಕ್ಕೆ ಎತ್ತಿದ ಪಾಪಿಷ್ಠ ಹಸ್ತವು ಇನ್ನು ಮೇಲೆ ಎನ್ನ ಗೃಹದ ಅನ್ನವನ್ನು ಸ್ಪರ್ಶಿಸಬಾರದೆಂದು ಸದರಿ ಸ್ತ್ರೀಯನ್ನು ಕೂಸಿನಿಂದ ಬಿಡಿಸಿ ಹೊರಗಟ್ಟಿರುತ್ತೇನೆ." ಕೆಳಗೆ ಮುತ್ತಾತನ ಹೆಸರು, ಊರು, ಹೆಬ್ಬೆಟ್ಟು. ಶಾಯಿ ಹೆಚ್ಚಾಗಿ ಗೆರೆಗಳೆಲ್ಲ ಕಲಸಿಹೋಗಿದ್ದವು. ಅವಳು ಓಡಿಹೋದವಳಲ್ಲ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆ ಗಳಿಗೆಯಲ್ಲೇ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು.

ಕಡತ ಹಿಂದಿರುಗಿಸುವಾಗ ಹಾಳೆಹಾಳೆಯಾಗಿ ನೋಡುವುದು ಅಲ್ಲಿನ ಕ್ರಮ. ಕಡತದವನು ಅರ್ಜಿಯ ಹಾಳೆಗೆ ಬಂದು ನಿಂತ. ಒಳಗೆ ಹೋಗಿ ಮೇಲ್ವಿಚಾರಕಿಯನ್ನು ಕರೆದುಕೊಂಡು ಬಂದ. ಆಕೆ ಕುತ್ತಿಗೆಗೆ ಭೂತಗನ್ನಡಿ ತೂಗುಹಾಕಿಕೊಂಡಿದ್ದ, ಮೆತ್ತಗೆ ಮಾತಾಡುವ ಹೆಂಗಸು. ಗೆರೆಯನ್ನು ಒಂದು ನಿಮಿಷ ನೋಡಿದಳು. "ಈ ಗುರುತು ನಿಮಗೆ ಕಡತ ಸಿಕ್ಕಾಗ ಮೊದಲೇ ಇತ್ತಾ?" ಎಂದು ಕೇಳಿದಳು. ಬೈದಿದ್ದರೆ, ಗದರಿದ್ದರೆ, ಒಪ್ಪಿಕೊಂಡುಬಿಡುತ್ತಿದ್ದನೋ ಏನೋ. ಅವಳ ಪ್ರಶ್ನೆಯಲ್ಲೇ ಬಾಗಿಲು ತೆರೆದಿತ್ತು. "ಇತ್ತು ಅನ್ನಿಸುತ್ತೆ," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ಮಾತು ಒಂಟಿಕಾಲಲ್ಲಿ ನಿಂತ ಹಾಗೆ ಕಂಡಿತು, ಅದಕ್ಕೊಂದು ಆಸರೆ ಬೇಕೆನಿಸಿತು. "ಹಿಂದೆ ನೋಡಿದವರು ಯಾರೋ ಗುರುತಿಗೆ ಅಂತ ಹಾಕಿಕೊಂಡಿರಬಹುದು," ಎಂದು ಸೇರಿಸಿದ. ಮೇಲ್ವಿಚಾರಕಿ ಕಡತಕ್ಕೆ ಅಂಟಿಸಿದ್ದ ಚೀಟಿ ನೋಡಿದಳು. ನಾಲ್ಕು ವರ್ಷದಲ್ಲಿ ಆ ಕಡತವನ್ನು ತೆಗೆಸಿದ್ದವರು ಇಬ್ಬರೇ, ಅವನು ಮತ್ತು ಪಕ್ಕದ ಮೇಜಿನ ಹುಡುಗಿ. "ಆಯ್ತು, ನಾನು ವಿಚಾರಿಸ್ತೀನಿ," ಎಂದಳು. "ಇಂಥದ್ದಕ್ಕೆ ಓದುಗರ ಕಾರ್ಡ್ ರದ್ದು ಮಾಡ್ತೀವಿ. ಬೇಜಾರಿನ ವಿಷಯ, ಆದರೆ ಬೇರೆ ದಾರಿ ಇಲ್ಲ." ಹಸಿರು ಸ್ವೆಟರಿನ ಮೇಜು ಇನ್ನೂ ಖಾಲಿ ಇತ್ತು. ಅವಳು ದಿನವೂ ಮಧ್ಯಾಹ್ನದ ಮೇಲೆ ಬರುವವಳು.

ಹೊರಗೆ ಬಂದು ಎದುರಿನ ಚೌಕದ ಬೆಂಚಿನ ಮೇಲೆ ಕೂತ. ಬಿಸಿಲಿತ್ತು, ಬಿಸಿಲಿನಲ್ಲಿ ಬಿಸಿಯಿರಲಿಲ್ಲ. ಊಟಕ್ಕೆಂದು ತಂದ ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚಿದ, ಮಡಿಸಿದ, ಮತ್ತೆ ಬಿಚ್ಚಿದ. ಏನಂಥ ಮಹಾ ಅಪರಾಧ, ಪೆನ್ಸಿಲ್ ಗೆರೆ ತಾನೇ, ರಬ್ಬರಿನಲ್ಲಿ ಹೋಗುತ್ತದೆ ಎಂದುಕೊಂಡ. ಆ ಹುಡುಗಿಗೆ ಏನೂ ಆಗುವುದಿಲ್ಲ, ಅವಳದೇ ದೇಶ, ಅವಳದೇ ಜನ, ನಾಲ್ಕು ಮಾತು ಕೇಳಿ ಬಿಟ್ಟುಬಿಡುತ್ತಾರೆ. ತನಗಾದರೆ ಇನ್ನು ಮೂರೇ ವಾರ ಉಳಿದಿದೆ. ಇಂಥ ಸಮಾಧಾನಗಳನ್ನು ಹೆಣೆಯುವುದರಲ್ಲಿ ಅವನು ಪಳಗಿದವನು, ಅವು ಯಾವ ಹೊತ್ತಿಗೆ ಬಿಚ್ಚಿಕೊಳ್ಳುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಅಲ್ಲಿ ಸಂಜೆಯಾಗಿರಬೇಕು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ಈಗ ನಿವೃತ್ತಳಾದ ಅಕ್ಕನಿಗೆ ತಮ್ಮನ ಕಾದಂಬರಿಯ ಮೇಲೆ ತಮ್ಮನಿಗಿಂತ ಹೆಚ್ಚು ಆಸೆ.

"ಏನೋ ಪುಟ್ಟ, ಸಿಕ್ಕಿದ್ನಾ ನಮ್ಮ ಮುತ್ತಾತ? ಯಾವ ಕೆನ್ನೆಗಂತೆ?"

"ಹೊಡೆದಿದ್ದು ಅವನಲ್ಲ ಅಕ್ಕ," ಎಂದ. "ಅವಳು. ಓಡಿಹೋದವಳು." ಟಿಪ್ಪಣಿಯಲ್ಲಿದ್ದುದನ್ನು ಹೇಳಿದ. ಅಕ್ಕ ನಕ್ಕಳು. ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ಅವನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. "ಅಯ್ಯೋ ದೇವರೇ! ಗಂಡನಿಗೆ ಹೊಡೀತಿದಾರೆ ಅಂತ ನುಗ್ಗಿ ಬಾರಿಸಿದಾಳೆ! ಆ ದೊಡ್ಡಪ್ಪಂದಿರೆಲ್ಲ ಇದ್ದಿದ್ರೆ ಮುಖ ನೋಡ್ಬೇಕಿತ್ತು ಕಣೋ. ಅವಳ ಮೂಗು ನಂಗೆ ಬಂದಿದ್ರೆ ಬರ್ಲಿ ಬಿಡು, ಇನ್ಮೇಲೆ ಎತ್ಕೊಂಡು ತಿರುಗ್ತೀನಿ." ಆಮೇಲೆ ಕೇಳಿದಳು, "ಆಮೇಲೇನಾದ್ಲೋ?"

ಅರ್ಜಿಯ ಕೊನೆಯ ವಾಕ್ಯವನ್ನು ಅವನು ಬಾಯಿಪಾಠದ ಹಾಗೆ ಒಪ್ಪಿಸಿದ. ಒಮ್ಮೆ ಓದಿದ್ದು ಅವನಿಗೆ ಮರೆಯುವುದಿಲ್ಲ. ಅವಳು ಮುತ್ತಾತನಿಗೆ ಶಾಪ ಹಾಕುತ್ತಾಳೆ ಎಂದುಕೊಂಡಿದ್ದ.

"ಅದು ಅವನು ಹೇಳಿದ್ದಲ್ಲ ಬಿಡೋ," ಎಂದಳು. "ಕುದುರೆ ಉಜ್ಜೋನು 'ಪಾಪಿಷ್ಠ ಹಸ್ತ' ಅಂತಾನಾ? ಬರೆದೋನು ಸೇರಿಸಿದಾನೆ. ಹೆಬ್ಬೆಟ್ಟೊತ್ತೋನಿಗೆ ಏನು ಗೊತ್ತು ಪಾಪ. ಕೆಲಸ ಕೊಡಿ ಅಂತ ಕೇಳಿರ್ತಾನೆ, ಇವನು ತನ್ನ ಪಾಂಡಿತ್ಯ ತೋರ್ಸಿದಾನೆ. ಬರೆದಾದ್ಮೇಲೆ ದೊರೆ ಕೇಳಿರ್ತಾನೆ, ಎಲ್ಲಿ, ಅಟ್ಟಿದೀಯಾ ಅಂತ. ಅಟ್ಟದೇ ಏನು ಮಾಡ್ತಾನೆ. ಆ ಬರೆದ ಕೈ ಮುರಿದು ಹೋಗ್ಲಿ."

ಅವನು ಏನೋ ನೆಪ ಹೇಳಿ ಫೋನಿಟ್ಟ. ಇಟ್ಟ ಮೇಲೂ ಅದು ಕೈಯಲ್ಲೇ ಇತ್ತು. ಮೂವತ್ತು ವರ್ಷ ಬೇರೆಯವರ ವಾಕ್ಯ ಓದಿದ ಕಣ್ಣಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು, ತಲೆಗಿಂತ ಮೊದಲು ಕೈಗೆ ಗೊತ್ತಾಗಿತ್ತು: ಮೇಲಿನ ಸಾಲುಗಳು ಒಬ್ಬ ಮನುಷ್ಯನ ಮಾತು, ಕೆಳಗಿನದು ಇನ್ನೊಬ್ಬನ ಬರವಣಿಗೆ. ಅದಕ್ಕೇ ಹೊಡೆದುಹಾಕಿದ್ದು. ಆದರೆ ಅಷ್ಟು ಬೇಗ ಗೊತ್ತಾದದ್ದು ಪ್ರೂಫ್ ನೋಡಿದ ಅನುಭವದಿಂದ ಮಾತ್ರವಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನೂ ಒಮ್ಮೆ ಇನ್ನೊಬ್ಬರು ಹೇಳಿದ್ದನ್ನು ಬರೆದಿದ್ದ. ಅಕ್ಕ ಗಂಡನ ಮನೆ ಬಿಟ್ಟು ಗೆಳತಿಯ ಕೋಣೆಯಲ್ಲಿ ಉಳಿದುಕೊಂಡು, ಮನೆಗೆ ಬರಲೇ ಎಂದು ಕೇಳಿ ಕಾಗದ ಹಾಕಿದ್ದಳು. ಮನೆಯಲ್ಲಿ ಅವಳ ತಂಗಿಯ ಮದುವೆಯ ಓಡಾಟ ನಡೆದಿತ್ತು. ಅಪ್ಪ ನಡುಮನೆಯ ಕುರ್ಚಿಯಲ್ಲಿ ಕೂತು, "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ," ಎಂದು ಒಂದೆರಡು ಮಾತು ಹೇಳಿದರು. ಆಗಷ್ಟೇ ಅವನು ಕಾಲೇಜಿನ ಪತ್ರಿಕೆಗೆ ಬರೆಯತೊಡಗಿದ್ದ, ಯಾವುದನ್ನು ಕಂಡರೂ ವಾಕ್ಯವಾಗಿ ಕಾಣುತ್ತಿದ್ದ ಕಾಲ. ಅಪ್ಪನ ಮಾತು ಅವನಿಗೆ ತೀರಾ ಬಡಕಲಾಗಿ ಕಂಡಿತು. ಕೊನೆಗೆ ತನ್ನದೊಂದು ಸಾಲು ಬರೆದ: "ಒಮ್ಮೆ ದಾಟಿದ ಹೊಸ್ತಿಲು ಹಿಂದಿರುಗುವವರಿಗೆ ಗೋಡೆಯಾಗುತ್ತದೆ." ಬರೆದು ಎರಡು ಸಲ ಓದಿಕೊಂಡಾಗ ಮೈ ಜುಮ್ಮೆಂದಿತ್ತು. ಅಪ್ಪ ಓದದೆ ಸಹಿ ಹಾಕಿದರು. ಮಗ ಬರೆದದ್ದನ್ನು ಅವರು ಎಂದೂ ಓದಿ ಸಹಿ ಹಾಕಿದವರಲ್ಲ.

ಅಕ್ಕ ಉತ್ತರ ಬರೆಯಲಿಲ್ಲ, ಬರಲೂ ಇಲ್ಲ; ಅವಳಿಗೇ ಬೇಡವಾಗಿದೆ ಎಂದುಕೊಂಡು ಅಪ್ಪನೂ ಸುಮ್ಮನಾದರು. ಹಾಸ್ಟೆಲಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದುಬಿಟ್ಟಳು. ತಮ್ಮನ ಜೊತೆ ಮಾತುಕತೆ ಇತ್ತು, ಅವನ ಮಗಳೆಂದರೆ ಪ್ರಾಣ; ಅಪ್ಪನ ಮನೆಯ ಕಡೆ ಮಾತ್ರ ಕಾಲಿಡಲಿಲ್ಲ. ಹನ್ನೆರಡು ವರ್ಷದ ಮೇಲೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಒಂದು ಸಲ ಬಂದು ಹೋಗೆ ಎಂದು ಅವನೇ ಹೋಗಿ ಕರೆದ. "ಗೋಡೆ ಹತ್ತಿ ಬರೋಕೆ ನಂಗೆ ಬರಲ್ಲ, ಹಾಗಂತ ಹೇಳು ಅವರಿಗೆ," ಎಂದಿದ್ದಳು. ಅವನು ಹೇಳಿದ್ದ, ಅವಳು ಹೇಳಿದ ಹಾಗೇ. ಅಪ್ಪ ಬಹಳ ಹೊತ್ತು ಸೂರು ನೋಡುತ್ತ ಮಲಗಿದ್ದರು. ಮೂಗಿಗೆ ನಳಿಕೆ ಹಾಕಿದ್ದರಿಂದ ದನಿ ಒಡೆದುಹೋಗಿತ್ತು. "ಯಾವ ಗೋಡೆ ಅಂತಾಳೋ ಅವಳು?" ಎಂದು ಕೇಳಿದರು. ನಿಜವಾಗಿಯೂ ತಿಳಿಯದೆ ಕೇಳಿದ್ದರು. "ಗೊತ್ತಿಲ್ಲ ಅಪ್ಪ," ಎಂದಿದ್ದ ಅವನು, ಹೊದಿಕೆ ಸರಿಮಾಡುತ್ತ. ಮೂರು ದಿನದ ಮೇಲೆ ಅಪ್ಪ ಹೋದರು. ಆಮೇಲೆ ಯಾವ ಕಥೆ ಬರೆಯಲು ಕೂತರೂ ಕೊನೆಯ ಸಾಲು ಬರೆಯುವ ಹೊತ್ತಿಗೆ ಅವನು ಪೆನ್ನು ಕೆಳಗಿಡುತ್ತಿದ್ದ. ವಿಮರ್ಶಕನೊಬ್ಬ ಅದನ್ನು ಸಂಯಮ ಎಂದು ಕರೆದಿದ್ದ.

ಒಳಗೆ ಹೋದಾಗ ಹಸಿರು ಸ್ವೆಟರಿನವಳು ಕಟ್ಟೆಯ ಮುಂದೆ ನಿಂತಿದ್ದಳು. ಚೀಲ ಇನ್ನೂ ಹೆಗಲ ಮೇಲೇ ಇತ್ತು. ಅವಳ ಕಾರ್ಡು ಮೇಲ್ವಿಚಾರಕಿಯ ಕೈಯಲ್ಲಿತ್ತು. ಓದುತ್ತಿದ್ದವರೆಲ್ಲ ಓದುವವರ ಹಾಗೆ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದರು. ಅವನು ತನ್ನ ಮೇಜಿಗೆ ಹೋಗಿ ಕೂತ. ಎದ್ದು ಹೇಳಿಬಿಡಬೇಕು ಎನ್ನಿಸಿತು, ಏಳಲಿಲ್ಲ. ಇನ್ನೊಂದು ನಿಮಿಷ ನೋಡೋಣ, ಆಕೆ ಹೇಗೋ ಬಿಟ್ಟುಬಿಡಬಹುದು ಎಂದುಕೊಂಡ.

"ಆದರೆ ನನಗೆ ಆ ಭಾಷೆ ಓದೋಕೇ ಬರಲ್ಲ," ಎನ್ನುತ್ತಿದ್ದಳು ಹುಡುಗಿ. ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು. "ಮೇಲಿಂದ ಕೆಳಗೋ ಕೆಳಗಿಂದ ಮೇಲೋ ಅಂತಲೂ ಗೊತ್ತಿಲ್ಲ. ಒಂದೇ ಒಂದು ವಾಕ್ಯ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ನೋಡಿ ಸರಿಯಾಗಿ ಅಷ್ಟನ್ನೇ ನಾನು ಹೇಗೆ ಹೊಡೆದುಹಾಕಲಿ?"

ಮೇಲ್ವಿಚಾರಕಿ ಭೂತಗನ್ನಡಿ ಎತ್ತಿ ಮತ್ತೊಮ್ಮೆ ಹಾಳೆ ನೋಡಿದಳು. ಆಮೇಲೆ ಅವಳು, ಹುಡುಗಿ, ಕಡತದವನು, ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು. ಆಗ ಎದ್ದ. ಆಗ ಏಳುವುದರಲ್ಲಿ ಏನೂ ಉಳಿದಿರಲಿಲ್ಲ, ಎಲ್ಲರಿಗೂ ಗೊತ್ತಾದ ಮೇಲೆ ಒಪ್ಪಿಕೊಳ್ಳುವುದು ಯಾವ ದೊಡ್ಡಸ್ತಿಕೆ. ಕಟ್ಟೆಯವರೆಗಿನ ಹದಿನೈದು ಹೆಜ್ಜೆಯನ್ನು ನಡೆದು, "ನಾನು ಹಾಕಿದ್ದು," ಎಂದ. "ಅಭ್ಯಾಸಬಲ. ಬೇಕಂತ ಅಲ್ಲ." ಹುಡುಗಿಯ ಕಡೆ ತಿರುಗಿ ಇನ್ನೂ ಏನೋ ಹೇಳಲು ಬಾಯಿ ತೆರೆದ. ಅವಳು ತನ್ನ ಕಾರ್ಡನ್ನು ಮೇಲ್ವಿಚಾರಕಿಯ ಕೈಯಿಂದ ತೆಗೆದುಕೊಂಡು, "ಗೆರೆ ಅಭ್ಯಾಸಬಲ ಸರಿ," ಎಂದಳು. "ನನ್ನ ಹೆಸರು?" ಉತ್ತರಕ್ಕೆ ಕಾಯಲಿಲ್ಲ. ಹೋಗಿ ತನ್ನ ಮೇಜಿನ ದೀಪ ಹಾಕಿಕೊಂಡಳು.

ಮೇಲ್ವಿಚಾರಕಿ ಒಂದು ನಮೂನೆ ಕೊಟ್ಟು, ನಡೆದದ್ದನ್ನು ಬರೆದುಕೊಡಿ ಎಂದಳು. ಅವನು ಬರೆಯತೊಡಗಿದ. ತಾನು ವೃತ್ತಿಯಿಂದ ಎಂಥವನು, ಈ ಕೋಣೆಯ ಬಗ್ಗೆ ತನಗೆಷ್ಟು ಗೌರವ, ಆ ಕಾಗದ ತನ್ನ ಮನೆತನಕ್ಕೆ ಏನು, ದಯವಿಟ್ಟು ತನ್ನನ್ನು ಮತ್ತೆ ಒಳಗೆ ಬಿಡಬೇಕು ಎಂಬುದರ ವರೆಗೆ ಬಂದಿದ್ದ. ಅಲ್ಲಿಗೆ ಬಂದು ಪೆನ್ಸಿಲ್ ನಿಂತಿತು. ಕುದುರೆಯವನಿಗಾದರೆ ಬರೆಯಲು ಬರುತ್ತಿರಲಿಲ್ಲ, ಆ ಒಂದು ಕಾರಣಕ್ಕಾದರೂ ಅವನನ್ನು ಕ್ಷಮಿಸಬಹುದಿತ್ತು. ಇನ್ನೊಂದು ನಮೂನೆ ಕೇಳಿ ತೆಗೆದುಕೊಂಡ. "ಗೆರೆ ಎಳೆದವನು ನಾನು. ಕೇಳಿದಾಗ ಸುಳ್ಳು ಹೇಳಿ ಬೇರೆಯವರ ಮೇಲೆ ಹಾಕಿದೆ," ಎಂದು ಎರಡು ಸಾಲು ಬರೆದು ಸಹಿ ಮಾಡಿದ. ಮೇಲ್ವಿಚಾರಕಿ ಓದಿ, ತಲೆಯಾಡಿಸಿ, ಅವನ ಕಾರ್ಡನ್ನು ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿದಳು. ಕಡತದವನು ಬಾಗಿಲಲ್ಲಿ ಅವನ ಪೆನ್ನನ್ನು ಹಿಂದಿರುಗಿಸಿದ.

ಬೀದಿಗಿಳಿದು ಎರಡು ತಿರುವು ನಡೆದ ಮೇಲೆ ಯಾವುದೋ ಮನೆಯ ಮುಚ್ಚಿದ ಬಾಗಿಲಿನ ಮುಂದೆ, ಮೆಟ್ಟಿಲ ಮೇಲೆ ಕೂತುಬಿಟ್ಟ. ಕಾದಂಬರಿ ಹೋಯಿತು ಎಂದು ದುಃಖವಾಗಬೇಕಿತ್ತು, ಆಗಲಿಲ್ಲ. ಇವತ್ತು ಒಪ್ಪಿಕೊಂಡದ್ದು ಸಿಕ್ಕಿಬಿದ್ದ ಮೇಲೆ. ಅಕ್ಕನ ವಿಷಯದಲ್ಲಿ ಸಿಕ್ಕಿಬೀಳುವ ಭಯವಿಲ್ಲ, ಹೇಳಿದವರು ಇಲ್ಲ, ಬರೆದವನು ಬಾಯಿಬಿಡದಿದ್ದರೆ ಅದು ಅಪ್ಪನ ಮಾತಾಗಿಯೇ ಉಳಿಯುತ್ತದೆ. ಹೇಳಿದರೆ ಅವಳೂ ಹೋಗುತ್ತಾಳೆ. ಅಕ್ಕನಿಲ್ಲದ ತನ್ನ ದಿನಗಳನ್ನು ಯೋಚಿಸಿ ಅವನಿಗೆ ಭಯವಾಯಿತು, ಸಣ್ಣವನಿದ್ದಾಗ ಆಗುತ್ತಿದ್ದಂಥ ಭಯ. ಆದರೂ ಫೋನು ಮಾಡಿದ. ಅಕ್ಕ ಎತ್ತಿದ ತಕ್ಷಣ, ಅವಳು ಏನಾದರೂ ತಮಾಷೆ ಮಾಡುವ ಮೊದಲು, ಹೇಳಿದ.

"ಗೋಡೆ ಅಂತ ಒಂದು ಸಾಲಿತ್ತಲ್ಲ ಅಕ್ಕ, ಆ ಕಾಗದದಲ್ಲಿ. ಅದು ಅಪ್ಪ ಹೇಳಿದ್ದಲ್ಲ. ನಾನು ಸೇರಿಸಿದ್ದು."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಏನಂದೆ?"

"ನಾನು ಬರೆದಿದ್ದು. ಅಪ್ಪ ಓದಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ."

"ಸುಳ್ಳು ಹೇಳ್ಬೇಡ. ಸತ್ತೋರನ್ನ ಒಳ್ಳೆಯೋರು ಮಾಡೋಕೆ ಕಥೆ ಕಟ್ತಿದೀಯ."

"ಆಸ್ಪತ್ರೇಲಿ ನನ್ನ ಕೇಳಿದ್ರು, ಯಾವ ಗೋಡೆ ಅಂತ. ಗೊತ್ತಿಲ್ಲ ಅಂದೆ."

ಅಕ್ಕ ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡ. ಇಡಲಿಲ್ಲ. "ಮತ್ತೆ ಅಪ್ಪ ಹೇಳಿದ್ದೇನು?" ಎಂದಳು, ಬೇರೆ ಯಾರದೋ ದನಿಯಲ್ಲಿ.

"ಈಗ ಬರಬೇಡ ಅಂದ್ರು. ಚಿಕ್ಕವಳ ಮದುವೆ ಮುಗೀಲಿ ಅಂದ್ರು."

"ಅದು ಕಾಗದದಲ್ಲಿತ್ತು. ಅಷ್ಟೇನಾ?"

"ಇನ್ನೊಂದು ಮಾತಿತ್ತು. ನಾನು ಬರೀಲಿಲ್ಲ."

"ಯಾಕೆ?"

ಸುಳ್ಳು ಹೇಳಲು ಇದೇ ಕೊನೆಯ ಅವಕಾಶ ಎಂದು ಅವನಿಗೆ ಅನ್ನಿಸಿತು. "ನನ್ನ ಸಾಲಿನ ಜೊತೆ ಅದು ಸಪ್ಪೆ ಅನ್ನಿಸ್ತು," ಎಂದ.

"ಏನದು? ಹೇಳು."

"ಆಮೇಲೆ ತಾವೇ ಖುದ್ದಾಗಿ ಬಂದು ಕರೆದುಕೊಂಡು ಹೋಗುವುದಾಗಿ..."

"ಹಾಗಲ್ಲ," ಎಂದು ಅಕ್ಕ ಕೂಗಿದಳು. "ನಿನ್ನ ಮಾತು ಬೇಡ ನಂಗೆ. ನಿಂದು ಆಮೇಲೆ ನೋಡ್ಕೋತೀನಿ, ನಿನ್ನನ್ನ ಬಿಡಲ್ಲ ನಾನು. ಅವರು ಹೇಗೆ ಹೇಳಿದ್ರೋ ಹಾಗೆ ಹೇಳು. ಅವರ ಬಾಯಲ್ಲಿ ಹೇಗೆ ಬಂತೋ ಹಾಗೆ."

ಅವನು ಕಣ್ಣು ಮುಚ್ಚಿಕೊಂಡ. ನಡುಮನೆಯ ಕುರ್ಚಿ, ಅದರ ಕೈಯ ಮೇಲೆ ಬೆರಳು ಬಡಿಯುತ್ತ ಕೂತ ಅಪ್ಪ, ಮಾತಿನ ನಡುವೆ ಗಂಟಲು ಸರಿಮಾಡಿಕೊಂಡದ್ದು, ಕಿಟಕಿಯ ಕಡೆ ನೋಡಿದ್ದು. ಮೂವತ್ತನಾಲ್ಕು ವರ್ಷದಲ್ಲಿ ಒಂದಕ್ಷರವೂ ಅಳಿಸಿರಲಿಲ್ಲ.

"'ಈಗ ಬರಬೇಡ ಮಗಾ. ಚಿಕ್ಕೋಳ ಮದುವೆ ಒಂದು ಮುಗಿದುಬಿಡಲಿ.' ಆಮೇಲೆ, 'ಮುಗಿದ ಮಾರನೇ ದಿನಾನೇ ನಾನು ಬರ್ತೀನಿ. ನಿನ್ನ ಪೆಟ್ಟಿಗೆ ನಾನೇ ಹೊತ್ಕೊಂಡು ಬರ್ತೀನಿ, ನೀನು ಎತ್ತಬೇಡ.'"

ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ ಹೊಡೆಯುತ್ತ ಹೋದರು.

"ಇನ್ನೊಂದ್ಸಲ ಹೇಳು," ಎಂದಳು.

ಅವನು ಹೇಳಿದ. ಏನನ್ನೂ ಬಿಡದೆ, ಏನನ್ನೂ ಸೇರಿಸದೆ.

"ಇನ್ನೊಂದ್ಸಲ."